ಲಾಭಮ್ಮನ ಪಾಠ

ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿ ಎಣಿಸುವವರು ಮೊದಲನೆಯದನ್ನು ಒಂದು ಎನ್ನುವುದಿಲ್ಲ. "ಲಾಭ" ಎನ್ನುತ್ತಾರೆ, ಆಮೇಲೆ ಎರಡು, ಮೂರು. ರಾಶಿ ಹೆಚ್ಚಲಿ ಎಂಬ ಆಸೆ, ಇನ್ನೇನಿಲ್ಲ. ಎರಡನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಸದಾಶಿವಯ್ಯನವರು "ಎಣಿಸು" ಎಂದಾಗ ರಂಗಕ್ಕ, ಪಾಪ, ಹಾಗೆಯೇ ಎಣಿಸಿದಳು. ಆ ಮಹಾನುಭಾವರು ಅವಳನ್ನು ಮೇಜಿನ ಮೇಲೆ ನಿಲ್ಲಿಸಿ ಇಡೀ ಕ್ಲಾಸಿನಿಂದ "ಲಾಭಮ್ಮ, ದಡ್ಡಮ್ಮ" ಎಂದು ಕೂಗಿಸಿದರು. ಒಂದಲ್ಲ, ಮೂರು ದಿನ. ನಾಲ್ಕನೇ ದಿನದಿಂದ ಅವಳು ಶಾಲೆಯ ಕಡೆ ತಲೆಹಾಕಲಿಲ್ಲ.

ಇದನ್ನು ರಂಗಕ್ಕ ಯಾರಿಗೂ ಹೇಳಲಿಲ್ಲ. ತಬ್ಬಲಿ ಮೊಮ್ಮಗಳು ನಯನಳಿಗಂತೂ ಹೇಳಿದ ಕಥೆಯೇ ಬೇರೆ. "ಲೆಕ್ಕದಾಗೆ ನಾನೇ ಫಸ್ಟು ಕಣೇ. ನಮ್ಮಪ್ಪ ತೋಟದ ಕೆಲ್ಸಕ್ಕೇಂತ ಬಿಡಿಸ್ಬುಟ್ಟ. ನನ್ ಬುದ್ದೀನೇ ನಿಂಗೂ ಬಂದಿರಾದು." ಏಳನೇ ಕ್ಲಾಸಿನ ನಯನ ಅದನ್ನು ನಂಬಿ ನೂರಕ್ಕೆ ನೂರು ತೆಗೆಯುತ್ತಿದ್ದಳು. ಕೂಲಿ ಮಾಡಿ ಬದುಕುವ ಅಜ್ಜಿಗೆ ಕೊಡಲು ಆ ನಂಬಿಕೆ ಬಿಟ್ಟು ಬೇರೇನಿತ್ತು?

ಸದಾಶಿವಯ್ಯನವರೋ ಬೆಳೆದೇ ಬೆಳೆದರು. ಪಠ್ಯಪುಸ್ತಕ ಸಮಿತಿಯ ಅಧ್ಯಕ್ಷರಾಗಿ ಹೊಸ ಗಣಿತ ಪುಸ್ತಕಕ್ಕೆ ಹಳ್ಳಿಯ ಎಣಿಕೆಯ ಮೇಲೆ ಒಂದು ಪಾಠ ಬರೆದರು. ಅದರ ಮೊದಲ ಸಾಲು ಏನು ಗೊತ್ತೇ? ಲಾಭ, ಎರಡು, ಮೂರು. ಥೂ, ನಾಚಿಕೆ ಬೇಡವೇ!

ಆ ಪುಸ್ತಕಕ್ಕಾಗಿ ತಿಪಟೂರಿನಲ್ಲಿ ಅವರಿಗೆ ಸನ್ಮಾನ. ವೇದಿಕೆಯ ಮೇಲೆ ಕಾಯಿ ಎಣಿಸಿ ತೋರಿಸಲು ಒಬ್ಬ ಹೆಂಗಸು ಬೇಕಿತ್ತು. ನಯನಳೇ ಹೆಮ್ಮೆಯಿಂದ ಅಜ್ಜಿಯ ಹೆಸರು ಕೊಟ್ಟಿದ್ದಳು. ಅತಿಥಿ ಯಾರೆಂದು ರಂಗಕ್ಕನಿಗೆ ಗೊತ್ತಾದದ್ದು ವೇದಿಕೆ ಹತ್ತಿ ಆ ದನಿ ಕೇಳಿದ ಮೇಲೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಆದರೂ ತಲೆ ತಗ್ಗಿಸಿಕೊಂಡೇ ನೂರು ಕಾಯಿಯನ್ನು ಚಕಚಕನೆ ಎಣಿಸಿದಳು, ಒಂದೂ ತಪ್ಪಲಿಲ್ಲ. ಮುಂದಿನ ಸಾಲಿನಲ್ಲಿ ನಯನ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

"ಏನಮ್ಮ ನಿನ್ ಹೆಸರು? ಯಾವೂರು?" ಎಂದರು ಸದಾಶಿವಯ್ಯ.

ಮೊಮ್ಮಗಳ ಎದುರಿಗೆ ಹೆಸರು ಮುಚ್ಚಿಡುವುದು ಹೇಗೆ? ಹೇಳಿದಳು.

"ಅಯ್ಯೋ, ಇವಳು ನನ್ ಹಳೇ ಶಿಷ್ಯೇನೇ ಕಣ್ರೀ!" ಮುದಿ ಮೇಷ್ಟ್ರು ಖುಷಿಯಿಂದ ಮೈಕು ಹಿಡಿದರು. "ಒಂದು ಅನ್ನೋಕೂ ಬರ್ತಿರ್ಲಿಲ್ಲ. ಮೂರು ದಿನ ಮೇಜಿನ ಮೇಲೆ ನಿಲ್ಸಿದ್ದೆ. ದಡ್ಡಿ ಅಂದ್ರೆ ದಡ್ಡಿ! ನೋಡಿ, ಆ ದಡ್ಡೀನೇ ನಮ್ಮ ಪುಸ್ತಕಕ್ಕೊಂದು ಪಾಠ ಕೊಟ್ಟಿದ್ದಾಳೆ."

ಸಭೆ ಬಿದ್ದು ಬಿದ್ದು ನಕ್ಕಿತು. ಅವರು ತಮ್ಮ ಶಾಲನ್ನೇ ತೆಗೆದು ಅವಳಿಗೆ ಹೊದಿಸಿದರು. ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ರಂಗಕ್ಕ ನೋಡುತ್ತಿದ್ದದ್ದು ನಯನಳನ್ನು. ಅಕ್ಕಪಕ್ಕದ ಹುಡುಗಿಯರು ತಿವಿದು ನಗುತ್ತಿದ್ದರೆ ಅವಳು ನೆಲ ನೋಡುತ್ತಿದ್ದಳು.

ಬಸ್ಸಿನಲ್ಲಿ ನಯನ ಬೇರೆ ಸೀಟಿನಲ್ಲಿ ಕೂತಳು. ಊರಲ್ಲಿ ಇಳಿದ ಮೇಲೆ ಕೇಳಿದಳು: "ನಿನ್ ಬುದ್ದೀನೇ ನಂಗೆ ಬಂದಿರಾದು ಅಂದಿದ್ದಲ್ಲಜ್ಜಿ, ನಿಜಾನಾ?"

"ಅದು ಸುಳ್ಳು ಕಣವ್ವ," ಎಂದಳು ರಂಗಕ್ಕ ಗಾಬರಿಯಿಂದ. "ನಿನ್ ಬುದ್ದಿ ನಿಂದೇಯ."

ನಯನ ನಂಬಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಲೆಕ್ಕದ ಹಾಳೆಯ ಮೇಲೆ ಹೆಸರು ಬರೆದು, ಖಾಲಿಯಾಗಿ ಕೊಟ್ಟು ಬಂದಳು.