ಬಂಡೆಯಲ್ಲೊಂದು ತಪ್ಪು

ಮ್ಯೂಸಿಯಂನ ಹಿಂಭಾಗದ ಕೋಣೆಯಲ್ಲಿ ಮಾದರಿಗಳನ್ನು ಮಾಡುವ ಕೆಲಸ ಅವಳದು. ಕೋಟೆ, ಹಡಗು, ಹಳೆಯ ಸೇತುವೆ, ಏನು ಕೇಳಿದರೂ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾಗಿ ಮಾಡಿಕೊಡುತ್ತಿದ್ದಳು. ಆ ವರ್ಷ ಕ್ಯುರೇಟರ್ ಬಂದು, ಒಂದೇ ಬಂಡೆಯನ್ನು ಕಡಿದು ಮಾಡಿದ ಹಳೆಯ ಶಿವಾಲಯವೊಂದರ ಫೋಟೋಗಳನ್ನು ಮೇಜಿನ ತುಂಬ ಹರಡಿ, ಇದರ ಮಾದರಿ ಬೇಕು ಎಂದರು. ಎಂದಿನಂತೆ ಅವಳು ತೆಳು ಹಲಗೆಗಳನ್ನು ಕತ್ತರಿಸಿ, ಅಂಟು ಹಚ್ಚಿ, ಕೆಳಗಿನ ಜಗಲಿಯಿಂದ ಕಟ್ಟತೊಡಗಿದಳು. ಜಗಲಿ ಮುಗಿದು ಕಂಬಗಳನ್ನು ನಿಲ್ಲಿಸುವ ಹೊತ್ತಿಗೆ ಕೈ ತಾನಾಗಿಯೇ ನಿಂತಿತು. ಈ ಗುಡಿಯನ್ನು ಯಾರೂ ಕಟ್ಟಿರಲಿಲ್ಲ. ಬಂಡೆಯನ್ನು ಮೇಲಿನಿಂದ ಕಡಿಯುತ್ತ ಇಳಿದಿದ್ದರು, ಮೊದಲು ಶಿಖರ, ಕೊನೆಗೆ ಪಾದ. ಬೇಡದ್ದನ್ನೆಲ್ಲ ತೆಗೆದು ಬೇಕಾದಷ್ಟನ್ನು ಉಳಿಸಿಕೊಂಡಿದ್ದರು, ಅಷ್ಟೇ. ತಾನು ಮಾಡುತ್ತಿರುವುದು ಬೇರೆ ಯಾವುದೋ ಗುಡಿ ಎನಿಸಿತು ಅವಳಿಗೆ.

ಮನೆಯಲ್ಲಿ ಊಟದ ಹೊತ್ತಿಗೆ ಇದನ್ನು ಹೇಳಿದಾಗ ಕಿವಿ ನಿಮಿರಿಸಿದವರು ಮಾವ. ಬದುಕೆಲ್ಲ ರೈಲು ಓಡಿಸಿ ನಿವೃತ್ತರಾದವರು, ಈಗ ಫೋನಿನಲ್ಲಿ ಬರುವ ವಿಡಿಯೋಗಳನ್ನು ಒಂದೂ ಬಿಡದೆ ನೋಡುತ್ತಿದ್ದರು. ಅದು ಮನುಷ್ಯರ ಕೈಯಲ್ಲಿ ಆಗುವ ಕೆಲಸವೇ ಅಲ್ಲ, ಆಗ ಯಾವುದೋ ಯಂತ್ರ ಇತ್ತು, ಆಮೇಲೆ ಹೇಳಹೆಸರಿಲ್ಲದೆ ಹೋಯಿತು ಎಂಬುದು ಅವರ ವಾದ. ಅಪ್ಪ ಶುರು ಹಚ್ಚಿಕೊಂಡರೆಂದು ಅವಳ ಗಂಡ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದ. ಆದರೆ ಮಾವ ಸುಮ್ಮನೆ ಬಾಯಿಗೆ ಬಂದದ್ದು ಆಡುತ್ತಿರಲಿಲ್ಲ.

"ಗೋಡೆ ಕಟ್ಟೋನು ತಪ್ಪು ಮಾಡಿದ್ರೆ ಇಟ್ಟಿಗೆ ಕಿತ್ತು ಮತ್ತೆ ಇಡ್ತಾನೆ. ಬಂಡೆ ಕಡಿಯೋನು ತಪ್ಪು ಮಾಡಿದ್ರೆ?" ಎಂದರು. "ಕೈ ಅಂದ್ಮೇಲೆ ತಪ್ಪು ಆಗ್ಲೇಬೇಕು. ಅಷ್ಟು ದೊಡ್ಡ ಗುಡೀಲಿ ಒಂದು ತಪ್ಪು ತೋರಿಸಮ್ಮ, ನಾನು ಯಂತ್ರದ ಮಾತು ಬಿಟ್ಟುಬಿಡ್ತೀನಿ."

ಆ ಮಾತು ತಲೆಯೊಳಗೆ ಹುಳದಂತೆ ಹೊಕ್ಕಿತು. ಮರುದಿನ ಕ್ಯುರೇಟರ್ ಹತ್ತಿರ ಹೋಗಿ, ಅಂಟಿನ ಮಾದರಿ ಬೇಡ, ಒಂದೇ ಬಳಪದ ಕಲ್ಲಿನಲ್ಲಿ ಮೇಲಿನಿಂದ ಕೆಳಗೆ ಕಡಿದು ನೋಡುತ್ತೇನೆ ಎಂದಳು. ಕ್ಯುರೇಟರ್ ಕನ್ನಡಕದ ಮೇಲಿಂದ ಅವಳನ್ನು ನೋಡಿ, ಕಲ್ಲು ಒಡೆದರೆ ಹಲಗೆಗೇ ಮರಳಬೇಕೆಂದು ಹೇಳಿ ಒಪ್ಪಿದರು.

ಬಳಪದ ಕಲ್ಲು ಮೆದು, ಉಗುರಿನಿಂದ ಕೆರೆದರೂ ಗೀರು ಬೀಳುತ್ತದೆ. ಆದರೂ ಕೆಲಸ ಸಲೀಸಾಗಿರಲಿಲ್ಲ. ಶಿಖರದ ಆಕಾರ ತೆಗೆಯುವುದು ಕಷ್ಟವಲ್ಲ. ಕಷ್ಟವೆಂದರೆ, ಅದನ್ನು ತೆಗೆಯುವಾಗಲೇ ಇನ್ನೂ ಕಲ್ಲಿನೊಳಗೆ ಹೂತಿರುವ ಕಂಬ ಎಲ್ಲಿದೆಯೆಂದು ತಿಳಿದಿರಬೇಕು. ಬಾಗಿಲಿನಿಂದ ಉಳಿ ತೂರಿಸಿ ಒಳಗಿನ ಮಂಟಪ ಕೊರೆಯುವಾಗ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಗೋಡೆ ಎಷ್ಟು ತೆಳುವಾಯಿತು ಎಂಬುದನ್ನು ಸದ್ದಿನಿಂದಲೇ ಅಳೆಯಬೇಕಿತ್ತು. ಮಾವ ದಿನವೂ ಬಂದು ಪಕ್ಕದ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದರು. ಸಂಜೆ ಮನೆಗೆ ಹೊರಡುವಾಗ ಇಬ್ಬರ ಹುಬ್ಬೂ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ.

ಜಗಲಿಯನ್ನು ಹೊತ್ತ ಆನೆಗಳ ಸಾಲಿಗೆ ಬಂದಾಗ ಒಂದರ ಸೊಂಡಿಲು ಚಟ್ಟನೆ ಮುರಿದು ಬಿತ್ತು. ಕೈಗೆಟಕುವಲ್ಲೇ ಅಂಟಿನ ಡಬ್ಬಿ ಇತ್ತು. ಹಚ್ಚಿಬಿಡಮ್ಮ, ಯಾರಿಗೆ ಗೊತ್ತಾಗುತ್ತೆ ಎಂದರು ಮಾವ. ಅವಳು ಒಪ್ಪಲಿಲ್ಲ. ಗುಡಿ ಕಡಿದವರ ಹತ್ತಿರ ಅಂಟು ಇರಲಿಲ್ಲ ಎಂದಳು. ಆ ಮೋಟು ಆನೆಯ ಎದೆಯ ಭಾಗವನ್ನು ಇನ್ನಷ್ಟು ಒಳಕ್ಕೆ ಕಡಿದು, ಅಲ್ಲಿನ ಕಲ್ಲಿನಲ್ಲೇ ಬಾಯಿಗೆ ಮಡಿಸಿಕೊಂಡ ಸೊಂಡಿಲೊಂದನ್ನು ತೆಗೆದಳು. ಆನೆ ಪಕ್ಕದವುಗಳಿಗಿಂತ ಬಡಕಲಾಯಿತು, ಆದರೆ ಆನೆಯಾಯಿತು.

ಅಂದು ಸಂಜೆ ಮಾವ ಮನೆಯ ಬಾಗಿಲು ತೆಗೆಯುತ್ತ, "ಹಾಗಾದ್ರೆ ಗುಡೀಲಿ ತಪ್ಪು ಇದ್ರೂ ಫೋಟೋದಲ್ಲಿ ನಮ್ಮ ಕಣ್ಣಿಗೆ ಬೀಳಲ್ಲ" ಎಂದರು. "ಹೋಗಿ ನೋಡೋಣ, ನಡಿ."

ರಜೆಯ ದಿನ ಇಬ್ಬರೂ ಬಸ್ಸು ಹತ್ತಿದರು. ಗುಡಿಯ ಹಿಂದಿನ ಗುಡ್ಡ ಏರಿ ಅಂಚಿನಲ್ಲಿ ನಿಂತಾಗ ಶಿಖರ ಅವರ ಕಾಲಿನ ಮಟ್ಟದಲ್ಲಿತ್ತು, ಗುಡಿಯ ಉಳಿದ ಭಾಗವೆಲ್ಲ ಕೆಳಗೆ ಆಳದಲ್ಲಿ. ಇಲ್ಲಿ ನಿಂತು ಮೊದಲ ಉಳಿಪೆಟ್ಟು ಹಾಕಿದವನು ಪಾದವನ್ನು ಕಂಡಿರಲಾರ ಎಂದು ಅವಳಿಗೆ ಹೊಳೆಯಿತು. ಮಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು.

ಕೆಳಗಿಳಿದು ಹುಡುಕತೊಡಗಿದರು. ಅವಳು ಆನೆಗಳನ್ನು ನೋಡಿದಳು, ಮಾವ ಕಂಬಗಳನ್ನು ಹಿಡಿದರು. ಬಿಸಿಲು ಏರಿತು, ಮಾವನ ಮಂಡಿ ಮುಷ್ಕರ ಹೂಡಿತು, ಅವರು ಕಂಬದ ಬುಡದಲ್ಲಿ ಕುಳಿತರು, ಅವಳು ಹೋಗೋಣ ಎಂದಳು. ಮಾವ ಏಳಲು ಕಂಬಕ್ಕೆ ಕೈ ಊರಿದವರು ಹಾಗೆಯೇ ನಿಂತುಬಿಟ್ಟರು. ಬೆರಳು ಮೆಲ್ಲಗೆ ಹಿಂದೆ ಮುಂದೆ ಸರಿಯಿತು. ಅವಳು ಫೋನಿನ ಬೆಳಕು ಬಿಟ್ಟಳು. ಹೂಬಳ್ಳಿಯ ನಡುವೆ ಕೂದಲೆಳೆಯಷ್ಟು ತೆಳುವಾದ ಒಂದು ಚೌಕದ ಗೆರೆ ಕಾಣಿಸಿತು. ಯಾವಾಗಲೋ ಕಂಬದ ಚಕ್ಕೆ ಹಾರಿಹೋಗಿತ್ತು. ಆ ಗಾಯವನ್ನು ಚೊಕ್ಕಟವಾಗಿ ಚೌಕ ಮಾಡಿ, ಇನ್ನೊಂದು ಕಲ್ಲು ಕೂರಿಸಿ, ಬಳ್ಳಿಯನ್ನು ಅದರ ಮೇಲೂ ಹರಿಸಿದ್ದರು.

"ನಾನು ಸೋತೆ," ಎಂದರು ಮಾವ. ಅವರ ದನಿಯಲ್ಲಿ ಸಂತೋಷವಿತ್ತು. "ನೀನೂ ಸೋತೆ ಕಣಮ್ಮ. ಅವರೂ ತೇಪೆ ಹಾಕಿದ್ದಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಇದು ಆಮೇಲಿನ ಕಾಲದವರ ದುರಸ್ತಿಯೂ ಇರಬಹುದು ಮಾವ ಎಂದೂ ಹೇಳಿದಳು. ಮಾವ ತಲೆ ಆಡಿಸಿದರು, ಬೆರಳು ಮಾತ್ರ ಆ ಗೆರೆಯನ್ನು ಬಿಡಲಿಲ್ಲ. ಚಕ್ಕೆ ಹಾರಿದ ಆ ಗಳಿಗೆಯಲ್ಲಿ ಕಡಿಯುತ್ತಿದ್ದವನ ಎದೆ ಧಸಕ್ಕೆಂದಿರಬೇಕು, ಪಕ್ಕದವರು ಯಾರಾದರೂ ಬೈದರೋ, ಸಮಾಧಾನ ಹೇಳಿದರೋ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಷ್ಟು ದಿನ ಯಂತ್ರವಿದ್ದ ಜಾಗದಲ್ಲಿ ಈಗ ಒಬ್ಬ ಮನುಷ್ಯ ಬಂದು ನಿಂತಿದ್ದ.

ಅವಳು ತೆಗೆದು ತಂದ ತೇಪೆಯ ಫೋಟೋ ನೋಡಿ ಕ್ಯುರೇಟರ್, ಗುಡಿಯ ಕಾಲದ್ದೋ ಆಮೇಲಿನದೋ ಹೇಳಲಾರೆ ಎಂದರು. ಆದರೆ ಅದು ಯಾವ ಕಂಬ, ಯಾವ ಪಕ್ಕ ಎಂದು ಮಾವನನ್ನು ಕೂರಿಸಿಕೊಂಡು ಕೇಳಿದರು. ಮಾದರಿ ಮುಗಿದು ಪ್ರದರ್ಶನಕ್ಕೆ ಹೋಯಿತು. ಬಡಕಲು ಆನೆಯನ್ನು ಯಾರೂ ಗುರುತಿಸಲಿಲ್ಲ. ಒಬ್ಬ ಹೆಂಗಸು ಮಾತ್ರ ಗಾಜಿನ ಪೆಟ್ಟಿಗೆಯ ಸುತ್ತ ನಡೆದು, ನಿಜವಾದ ಗುಡಿಯ ಸುತ್ತ ಕಡಿದು ತೆಗೆದ ಕಲ್ಲೆಲ್ಲ ಎಲ್ಲಿ ಹೋಯಿತು ಎಂದು ಕೇಳಿದಳು.

ಆ ಪ್ರಶ್ನೆಯನ್ನು ಸೊಸೆ ಮಾವನಿಗೆ ಮುಟ್ಟಿಸಿದಳು. ಗುಡ್ಡದಷ್ಟು ಕಲ್ಲು, ಒಂದು ರಾಶಿಯಾದರೂ ಕಾಣಬೇಡವೇ? ಮುಂದಿನ ರಜೆಗೆ ಮಾವ, ಸೊಸೆ ಗುಡಿಯ ಕೆಳಗಿನ ಇಳಿಜಾರಿನಲ್ಲಿ ಮುಳ್ಳುಪೊದೆಗಳನ್ನು ಕೋಲಿನಿಂದ ಸರಿಸುತ್ತ ನಡೆದಿದ್ದರು. ಹಿಂದೆ ನೀರಿನ ಬಾಟಲಿ ಹೊತ್ತುಕೊಂಡು ಅವಳ ಗಂಡ, ಇದು ಅದೇ ಕಲ್ಲಿರಬಹುದಾ, ಇದು ನೋಡಿ ಎಂದು ಹೆಜ್ಜೆಗೊಮ್ಮೆ ಬಗ್ಗುತ್ತಿದ್ದ.