ಬ್ರೇಕಿನ ದಿನ ನೀರು ಬಿಟ್ಟವರು ಯಾರು?

೧
ಎಲ್ಲಿಂದ ಶುರು ಮಾಡಲಿ? ‘ಬೆಳಗಿನ ಮಂಜಿನಲ್ಲಿ ಪಂಪ್‌ಹೌಸು ಮೌನವಾಗಿ ನಿಂತಿತ್ತು’ ಎಂದು ಬರೆದೆ.

“ಸುಳ್ಳು,” ಎಂದಳು ಅಕ್ಕ. “ಪಂಪ್‌ಹೌಸು ಯಾವತ್ತಾದ್ರೂ ಮೌನವಾಗಿರತ್ತಾ? ಒಳಗೆ ಬಂದು ನಿಂತ್ಕೊಳಿ, ಕಿವಿ ತೂತಾಗತ್ತೆ.”

ಆ ಸಾಲು ಹೊಡೆದುಹಾಕಿದೆ. (ಅಕ್ಕ ಈ ಕಥೆಯ ನಾಯಕಿ. ಊರಿಗೆ ನೀರು ಬಿಡುವ ಪಂಪ್ ಆಪರೇಟರ್. ಕಾಂಟ್ರಾಕ್ಟ್ ಮೇಲೆ ಸೇರಿದಾಗ ಕಂಕುಳಲ್ಲಿದ್ದ ಮಗಳಿಗೆ ಈಗ ಶಾಲೆಗೆ ಹೋಗುವ ಮಗಳಿದ್ದಾಳೆ. ಅಕ್ಕ ಮಾತ್ರ ಇನ್ನೂ ತಾತ್ಕಾಲಿಕ.)

೨
ಓದುಗರೇ, ಇಲ್ಲೊಂದು ನಿಯಮ ಹೇಳಬೇಕು. ವರ್ಷಕ್ಕೊಂದು ದಿನ ಅಕ್ಕನಂಥವರನ್ನೆಲ್ಲ ಕೆಲಸದಿಂದ ತೆಗೆದು, ಮರುದಿನ ಹೊಸದಾಗಿ ಸೇರಿಸಿಕೊಳ್ಳುತ್ತಾರೆ. ಅದರ ಹೆಸರು ಬ್ರೇಕು. ಅವತ್ತು ಹಾಜರಿ ಹಾಕುವಂತಿಲ್ಲ. ಆದರೆ ಊರಿಗೆ ನೀರು ಬೇಕಲ್ಲ, ಬಂದು ಪಂಪು ಹಾಕಬೇಕು. ಪ್ರತಿ ವರ್ಷವೂ ಅಕ್ಕ ಬಂದಿದ್ದಾಳೆ. ಈ ಸಲ ಕಾಯಂ ಮಾಡಿ ಎಂದು ಕೇಳಿದಾಗ ಎಂಜಿನಿಯರ್ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, “ನಿಮ್ಮ ಸೇವೆ ನಿರಂತರವಾಗಿಲ್ವಲ್ಲಮ್ಮ, ನಡುನಡುವೆ ಬ್ರೇಕ್ ಇದೆ” ಎಂದರು.

ಇಲ್ಲಿ ಅಕ್ಕನ ಕಣ್ಣಲ್ಲಿ ನೀರು ತರಿಸೋಣ ಅಂದುಕೊಂಡೆ.

“ನೀರು ಯಾವಾಗ ಬಿಡ್ಬೇಕು ಅಂತ ನಂಗೊತ್ತು,” ಎಂದಳು ಅಕ್ಕ. “ ನೀವು ಬರ್ಕೊಳಿ: ಈ ಸಲ ಬ್ರೇಕಿನ ದಿನ ಅಕ್ಕ ಬ್ರೇಕ್ ತಗೊಂಡ್ಳು.”

೩
(ಬ್ರೇಕು. ಈ ಭಾಗದಲ್ಲಿ ಅಕ್ಕ ಇಲ್ಲ.)

ಅವಳಿಲ್ಲದೆಯೂ ಕಥೆ ನಡೆಸಬಲ್ಲೆ ಎಂಬ ಜಂಬ ನನಗಿತ್ತು. ನಲ್ಲಿ ಬುಸ್ ಎಂದು ಗಾಳಿ ಬಿಟ್ಟಿತು. ಸೋಪು ಹಚ್ಚಿದ ಮುಖದಲ್ಲೇ ಮೇಜಿಗೆ ಬಂದು ಕೂತಿದ್ದೇನೆ. ಇದು ಪೋಸ್ಟ್‌ಮಾಡರ್ನ್ ತಂತ್ರವಲ್ಲ, ಕಣ್ಣುರಿ. ಹೆಂಡತಿ ಬಚ್ಚಲಿನಿಂದ ಕೂಗಿದಳು: “ನಿಮ್ಮ ಹೀರೋಯಿನ್‌ಗೆ ಹೇಳ್ರೀ, ಒಂದು ಬಕೆಟ್ ಆದ್ರೂ ಬಿಡ್ಲಿ!”

೪
ಅಕ್ಕ ಮನೆಯಲ್ಲಿ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು. ಎಂಜಿನಿಯರ್ ಸಾಹೇಬರು ಬಾಗಿಲಿಗೇ ಬಂದರು. ಉಳಿದ ಆಪರೇಟರುಗಳ ಮನೆಗೂ ಹೋಗಿ ಬಂದಿದ್ದರು. ಅವರೆಲ್ಲ ಕಾಂಟ್ರಾಕ್ಟಿನವರೇ, ಎಲ್ಲರಿಗೂ ಇವತ್ತೇ ಬ್ರೇಕು.

“ಜನ ಆಫೀಸಿಗೆ ಮುತ್ತಿಗೆ ಹಾಕಿದಾರಮ್ಮ. ಆಸ್ಪತ್ರೆ ಗತಿ ಏನು?”

“ಆಸ್ಪತ್ರೆ ಟ್ಯಾಂಕು ನಿನ್ನೇನೇ ತುಂಬ್ಸಿದೀವಿ ಸಾರ್. ಇವತ್ತು ನಾನು ಕೆಲಸದಲ್ಲಿಲ್ಲ. ಇದೀನಿ ಅಂತ ಬರ್ದು ಸೈನ್ ಹಾಕಿ, ಈಗ್ಲೇ ಬರ್ತೀನಿ. ಇವತ್ತಿಗಷ್ಟೇ ಅಲ್ಲ, ಹಿಂದಿನ ಬ್ರೇಕುಗಳಿಗೂ. ನಮ್ಮೆಲ್ಲರಿಗೂ.”

“ಹಾಗೆ ಬರೆದ್ರೆ ನಿಮ್ಮನ್ನೆಲ್ಲ ಕಾಯಂ ಮಾಡ್ಬೇಕಾಗತ್ತೆ!”

“ಹೌದಲ್ವಾ?” ಎಂದಳು ಅಕ್ಕ, ಜಡೆಗೆ ರಿಬ್ಬನ್ ಕಟ್ಟುತ್ತ.

೫
ಅಂತ್ಯ ಒಂದು: ಸಾಹೇಬರು ಬರೆದುಕೊಡುತ್ತಾರೆ. (“ಅಷ್ಟು ಸುಲಭಾನಾ? ಓದೋರು ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ, ಅಷ್ಟೇ.”)

ಅಂತ್ಯ ಎರಡು: ಹೊಸಬರನ್ನು ತಂದು ಪಂಪು ಹಾಕಿಸಿ, ಇವರನ್ನೆಲ್ಲ ಮನೆಗೆ ಕಳಿಸುತ್ತಾರೆ. (“ಬರ್ದು ನೋಡಿ. ನಿಮ್ಮನೆ ನಲ್ಲಿ ನೆನಪಿರ್ಲಿ.”)

“ಅಕ್ಕಾ, ಕಥೆ ಅಂದ್ಮೇಲೆ ಎಲ್ಲಾದ್ರೂ ಮುಗಿಸ್ಬೇಕಲ್ಲ,” ಎಂದು ಗೋಗರೆದೆ.

“ವರ್ಷಾ ವರ್ಷಾ ಅವರು ಮುಗಿಸ್ತಾರೆ, ಮಾರನೇ ದಿನ ಹೊಸದಾಗಿ ಶುರು ಮಾಡ್ತಾರೆ. ನೀವೂ ಅದನ್ನೇ ಮಾಡ್ತೀರಾ? ನಾನಂತೂ ಈ ಕಥೆಯಿಂದ ಎದ್ದೇಳಲ್ಲ.”

ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಅಕ್ಕನ ಮೇಲಲ್ಲ.

ಸಾಹೇಬರು ಹೊಸ್ತಿಲಾಚೆ ಪೆನ್ನು ಹಿಡಿದು ನಿಂತಿದ್ದಾರೆ. ಅಕ್ಕ ನಿನ್ನೆ ಒಪ್ಪಿಸಿದ ಪಂಪ್‌ಹೌಸಿನ ಕೀಲಿ ಅವರ ಇನ್ನೊಂದು ಕೈಯಲ್ಲಿದೆ. ನನ್ನ ಮುಖದ ಸೋಪು ಒಣಗುತ್ತಿದೆ. ಇಷ್ಟು ವರ್ಷ ಬ್ರೇಕಿನ ದಿನಗಳಲ್ಲೂ ನೀವು ಮುಖ ತೊಳೆದಿದ್ದೀರಿ, ಓದುಗರೇ. ಬನ್ನಿ, ಅವತ್ತೂ ನೀರು ಬಂದಿತ್ತು ಎಂದು ಸಾಕ್ಷಿ ಹೇಳಿ. ಮೊದಲು ಸಾಹೇಬರು ಬರೆಯಲಿ. ನಾನು ಆಮೇಲೆ ಬರೆಯುತ್ತೇನೆ.