ಗುರುತಿಲ್ಲದ ವೈರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ಬೇರೆಯವರು ಅಡ್ಡಾದಿಡ್ಡಿ ಎಳೆದ ವೈರು ಕಣ್ಣಿಗೆ ಬಿದ್ದರೆ ಮುಗಿಯಿತು. ಗಾಡಿಗಳ ವೈರಿಂಗ್ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ನನ್ನ ಮಾವ ತಮ್ಮ ವ್ಯಾನನ್ನು ನನ್ನ ಕೈಗೆ ಕೊಟ್ಟವರಲ್ಲ. ಅಳಿಯನಿಂದ ಕೆಲಸ ಮಾಡಿಸಿಕೊಳ್ಳಲು ಸಂಕೋಚ. ಬೇಕಾದ್ದನ್ನೆಲ್ಲ ತಾವೇ ಜೋಡಿಸಿಕೊಂಡರು. ತಾಪತ್ರಯ ಶುರುವಾದದ್ದೇ ಅಲ್ಲಿ.

ಆ ವ್ಯಾನೇ ಅತ್ತೆಯ ಹೊಲಿಗೆ ಅಂಗಡಿ. ಮಾವ ಓಡಿಸುತ್ತಾರೆ, ಅತ್ತೆ ಪಕ್ಕದಲ್ಲಿ ಕೂರುತ್ತಾರೆ. ಕಚೇರಿಗಳ ಮುಂದೆಯೋ ಆಸ್ಪತ್ರೆಯ ಗೇಟಿನ ಹತ್ತಿರವೋ ನಿಲ್ಲಿಸಿದ ಮೇಲೆ ಅತ್ತೆ ಹಿಂದೆ ಹೋಗಿ ಮಷೀನಿನ ಮುಂದೆ ಕೂತು ಹರಿದ ಜೇಬು, ಕಿತ್ತ ಜಿಪ್ಪು, ಉದ್ದ ಹೆಚ್ಚಾದ ಪ್ಯಾಂಟುಗಳನ್ನು ಸರಿಮಾಡುತ್ತಾರೆ. ಮೂವತ್ತು ವರ್ಷದಿಂದ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಹೀಗೆ ಜೊತೆಗಿದ್ದಾರೆ, ಜಗಳವಾಡುತ್ತಲೇ.

ಈ ಚಳಿಗಾಲದಲ್ಲಿ ವ್ಯಾನು ಬೆಳಿಗ್ಗೆ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಬ್ಯಾಟರಿ ಬದಲಾಯಿಸಿದ್ದಾಯಿತು, ಬೀದಿಯವರೆಲ್ಲ ಸೇರಿ ತಳ್ಳಿದ್ದಾಯಿತು. ಕೊನೆಗೆ ನನ್ನ ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು. "ಅಪ್ಪ, ಸೋಮವಾರ ತಳ್ಳದೆ ಸ್ಟಾರ್ಟ್ ಆದ್ರೆ ಇಟ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ಮಾರಿಬಿಡೋಣ. ಅಮ್ಮ ಮನೇಲೇ ಕೂತು ಹೊಲೀಲಿ."

ಮಾವ ಮೊದಲ ಬಾರಿಗೆ ಕೀಲಿಯನ್ನು ನನ್ನ ಕೈಗಿಟ್ಟರು.

ಭಾನುವಾರ ಡ್ಯಾಶ್‌ಬೋರ್ಡ್ ಬಿಚ್ಚಿದೆ. ತಲೆ ಕೆಟ್ಟುಹೋಯಿತು. ಮಷೀನಿನ ಮೇಲಿನ ದೀಪ, ಪುಟ್ಟ ಫ್ಯಾನು, ರೇಡಿಯೋ, ಸಾಲದ್ದಕ್ಕೆ ಒಂದು ಬಜರ್. ಅತ್ತೆ ಹಿಂದಿನಿಂದ ಒಂದು ಸಲ ಒತ್ತಿದರೆ 'ಸೂಜಿಗೆ ದಾರ ಪೋಣಿಸಿ ಬನ್ನಿ', ಎರಡು ಸಲ ಒತ್ತಿದರೆ 'ಹೊರಡೋಣ'. ಎಲ್ಲದರ ವೈರೂ ಒಂದೇ ಬಣ್ಣ. ಗುರುತಿಗೆಂದು ಪ್ರತಿಯೊಂದಕ್ಕೂ ಮಾವ, ಅತ್ತೆ ಕತ್ತರಿಸಿ ಎಸೆದ ಬಟ್ಟೆಯ ಚೂರು ಕಟ್ಟಿದ್ದರು. ಹೂವಿನ ಚೂರು ಫ್ಯಾನಿಗೆ, ಚೌಕಳಿ ರೇಡಿಯೋಗೆ.

"ಇದೇನು ಮಾವ, ಗಾಯಕ್ಕೆ ಅಂಟಿಸೋ ಪಟ್ಟಿ ಹಾಕಿದೀರಿ?"

"ಟೇಪ್ ಮುಗಿದಿತ್ತು ಅಳಿಯಂದ್ರೇ."

"ಯಾವಾಗ?"

"ಹತ್ತು ವರ್ಷ ಆಗಿರ್ಬೇಕು."

ಎಲ್ಲವನ್ನೂ ಕಿತ್ತು, ಒಂದೊಂದಕ್ಕೂ ಬೇರೆ ಫ್ಯೂಸ್ ಕೊಟ್ಟು, ಹೊಸದಾಗಿ ಎಳೆದೆ. ಬಟ್ಟೆಚೂರುಗಳನ್ನು ಮಾತ್ರ ಎಸೆಯಲು ಮನಸ್ಸಾಗಲಿಲ್ಲ, ಹೊಸ ವೈರುಗಳಿಗೇ ಕಟ್ಟಿದೆ. ಸ್ವಿಚ್ಚುಗಳನ್ನೆಲ್ಲ ಆರಿಸಿ ಮೀಟರ್ ಹಿಡಿದು ನೋಡಿದರೆ ಬ್ಯಾಟರಿಯಿಂದ ಕರೆಂಟು ಇನ್ನೂ ಹರಿಯುತ್ತಲೇ ಇತ್ತು.

ಹುಡುಕಿದಾಗ ನೆಲದ ಹಾಸಿನ ಕೆಳಗೆ ಇನ್ನೊಂದು ವೈರು ಸಿಕ್ಕಿತು. ಅದಕ್ಕೆ ಬಟ್ಟೆಚೂರು ಇರಲಿಲ್ಲ, ಸ್ವಿಚ್ಚೂ ಇರಲಿಲ್ಲ. ಬ್ಯಾಟರಿಯಿಂದ ನೇರವಾಗಿ ಮುಂದೆ ಅತ್ತೆ ಕೂರುವ ಸೀಟಿಗೆ ಹೋಗಿತ್ತು. ನಾನು ಬೆರಗಾದದ್ದು ಅದಕ್ಕಲ್ಲ, ಕೆಲಸದ ಅಚ್ಚುಕಟ್ಟಿಗೆ. ಬೆಸುಗೆ ಹಾಕಿ, ಮೇಲೆ ಕೊಳವೆ ತೊಡಿಸಿ, ಗೇಣಿಗೊಂದು ಕ್ಲಿಪ್ ಹಾಕಿದ್ದರು. ಸೀಟಿನ ಕವರಿನ ಒಳಗೆ ಅಂಗೈ ಅಗಲದ, ಶಾಖ ಕೊಡುವ ಒಂದು ಪ್ಯಾಡ್ ಇತ್ತು.

ಮಾವ ಮುಖ ಆಚೆ ತಿರುಗಿಸಿದರು. "ಅವಳಿಗೆ ಸೊಂಟನೋವು. ಬಾಯಿಬಿಟ್ಟು ಹೇಳಲ್ಲ. ಮಗಳಿಗೆ ಗೊತ್ತಾದ್ರೆ ಕೆಲ್ಸ ಬಿಡಿಸ್ತಾಳೆ ಅಂತ ಭಯ. ನಾನೂ ಕೇಳಿಲ್ಲ. ಹತ್ತಿ ಕೂರೋ ಹೊತ್ತಿಗೆ ಬೆಚ್ಚಗಿರ್ಲಿ ಅಂತ ಇಟ್ಟೆ."

"ಸ್ವಿಚ್ ಯಾಕೆ ಹಾಕ್ಲಿಲ್ಲ?"

"ಹಾಕಿದ್ರೆ ಅವಳ ಕಣ್ಣಿಗೆ ಬೀಳುತ್ತಲ್ಲ."

"ರಾತ್ರಿಯೆಲ್ಲ ಬ್ಯಾಟರಿ ಕುಡೀತಿರೋದು ಇದೇ ಮಾವ."

"ಇಷ್ಟು ಚಿಕ್ಕದಾ?" ಎಂದು ಅವರು ಆ ಪ್ಯಾಡನ್ನು ದುರುಗುಟ್ಟಿ ನೋಡಿದರು.

ಪ್ಯಾಡಿನ ವೈರನ್ನು ಕೀಲಿಗೆ ಸೇರಿಸಿದೆ. ಗಾಡಿ ಓಡುವಾಗ ಮಾತ್ರ ಬಿಸಿ, ನಿಲ್ಲಿಸಿದರೆ ಇಲ್ಲ. ಗುಟ್ಟೂ ಉಳಿಯಿತು, ವ್ಯಾನೂ ಉಳಿಯುತ್ತದೆ ಎಂದು ಬೀಗಿದೆ.

ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಾವ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಹತ್ತಿಕೊಂಡಿತು. ಅವಳ ಮುಖ ಸಡಿಲವಾಯಿತು. ಮಾವ ನನ್ನತ್ತ ನೋಡಿ ನಕ್ಕ ನಗುವಿಗೆ ನನ್ನ ಇಪ್ಪತ್ತೆರಡು ವರ್ಷದ ಮುನಿಸು ಕರಗಿಹೋಯಿತು.

ಅತ್ತೆ ಹತ್ತಿ ಕೂತರು. ಸೀಟಿನ ಮೇಲೆ ಅಂಗೈಯಿಟ್ಟು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

"ರೀ, ನನ್ಮೇಲೆ ಏನಾದ್ರೂ ಬೇಜಾರಾ?"

"ಯಾಕೆ?"

"ಎರಡು ತಿಂಗಳಿಂದ ದಿನಾ ಬೆಚ್ಚಗೆ ಮಾಡಿಡ್ತಿದ್ರಿ. ಇವತ್ತು ತಣ್ಣಗಿದೆ."

ಮಾವ ಕಿಟಕಿಯ ಬಳಿ ನಿಂತಿದ್ದ ನನ್ನತ್ತ ತಿರುಗಿ ನೋಡಿದರು. ಅಷ್ಟು ಓರಣವಾಗಿ ವೈರು ಎಳೆದು, ಬೇಕಾದದ್ದನ್ನೇ ಕತ್ತರಿಸಿಬಿಟ್ಟಿದ್ದೆ.

"ತಪ್ಪು ನಂದು ಅತ್ತೆ," ಎಂದೆ. "ಸಂಜೆ ಬನ್ನಿ, ಸರಿಮಾಡ್ತೀನಿ."

ಸಂಜೆ ಮಾವನ ಕೈಗೆ ಎಟಕುವಲ್ಲಿ ಒಂದು ಸ್ವಿಚ್ ಹಾಕಿದೆ. ಈಗ ದಿನಾ ಬೆಳಿಗ್ಗೆ ಅವರು ಕಾಲುಗಂಟೆ ಮುಂಚೆ ಹೋಗಿ ಅದನ್ನು ಒತ್ತಿ ಬರುತ್ತಾರೆ. ಆ ವೈರಿಗೂ ಗುರುತಿರಲಿ ಎಂದು ಅತ್ತೆಯ ಬಳಿ ಬಟ್ಟೆಚೂರು ಕೇಳಿದ್ದೆ. ಅವರು ಚೂರುಗಳ ಚೀಲಕ್ಕೆ ಕೈ ಹಾಕಲಿಲ್ಲ. ಮಾವನ ಹಳೇ ಅಂಗಿಯ ತುದಿ ಕತ್ತರಿಸಿ, ತಾವೇ ಬಗ್ಗಿ, ಸೊಂಟ ಹಿಡಿದುಕೊಂಡು, ಕಟ್ಟಿದರು.